ಚಂದ್ರಂಪಳ್ಳಿಯ ಹಿನ್ನೀರಿನವರೆಗೆ ಕಾಡಿನ ನಡಿಗೆ

ಕಲಬುರಗಿ ಜಿಲ್ಲೆ ಎಂದರೆ ಎರೆಹೊಲ, ತೊಗರಿ, ಫರಸಿ ಕಲ್ಲು ಮತ್ತು ಬಿಸಿಲು ಎಂದು ಹೊರಗಿನವರು ಹೇಳುವುದನ್ನು ಕೇಳುತ್ತಾ ಬಂದ ನಾವೂ ಅದನ್ನೇ ನಂಬಿಬಿಟ್ಟಿದ್ದೇವೆ. ಚಿಂಚೋಳಿ ತಾಲ್ಲೂಕಿನಲ್ಲಿ ತೆಲಂಗಾಣದ ಗಡಿಗೆ ಹೊಂದಿಕೊಂಡ 134.88 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ಅದರ ನಡುವೆ, ಗುಡ್ಡಗಳ ತೆಕ್ಕೆಯಲ್ಲಿ, ಚಂದ್ರಂಪಳ್ಳಿ ಜಲಾಶಯವಿದೆ. ಅಲ್ಲಿಗೆ ಹೋಗಲು ಚಾರಣದ ಅಭ್ಯಾಸವಾಗಲಿ, ದುಬಾರಿ ಬೂಟುಗಳಾಗಲಿ ಬೇಕಿಲ್ಲ. ಮೊಣಕಾಲು ನೋವಿನ ಹಿರಿಯರೂ ಐದನೆಯ ಇಯತ್ತೆಯ ಹುಡುಗನೂ ಜೊತೆಯಾಗಿ ನಡೆಯಬಹುದಾದ ದಾರಿ ಅದು. ಡಿಸೆಂಬರ್ ಎರಡನೆಯ ವಾರದಲ್ಲಿ, ಎಳ್ಳಮಾವಾಸ್ಯೆ ಇನ್ನೊಂದು ವಾರವಿರುವಾಗ, ನಾನು, ನನ್ನ ಹೆಂಡತಿ, ತಂಗಿಯ ಮಗ ಹಾಗೂ ಭೂಗೋಳ ಕಲಿಸಿ ನಿವೃತ್ತರಾದ ನಮ್ಮ ಓಣಿಯ ಮಾಸ್ತರರು ಅಲ್ಲಿಗೆ ಹೊರಟೆವು.

ಮೊದಲ ದಿನ: ಎರೆ ಮಣ್ಣಿನಿಂದ ಕೆಂಪು ಮಣ್ಣಿಗೆ

ಕಲಬುರಗಿಯಿಂದ ಮಹಾಗಾಂವ ಕ್ರಾಸ್ ಮೂಲಕ ಚಿಂಚೋಳಿಗೆ ಹೋಗುವ ದಾರಿಯುದ್ದಕ್ಕೂ ಹೊಲಗಳಲ್ಲಿ ತೊಗರಿ ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗಿತ್ತು. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬೆಳೆ ಇದೇ. ಎರಡು ಹೊಲ ತೊಗರಿ, ಒಂದು ಹೊಲ ಜೋಳ, ನಡುವೆ ಅಲ್ಲಲ್ಲಿ ಕಡಲೆ; ಇಷ್ಟನ್ನು ಬಿಟ್ಟರೆ ಆ ದಾರಿಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಚಿಂಚೋಳಿಯಲ್ಲಿ ಚಹಾ ಕುಡಿದು, ಅರಣ್ಯ ಇಲಾಖೆಯ ಕಚೇರಿಯಲ್ಲಿ ನಮ್ಮ ಹೆಸರು ಮತ್ತು ಅನುಮತಿ ಪತ್ರವನ್ನು ತೋರಿಸಿ ಮುಂದೆ ಹೊರಟೆವು. ಅಭಯಾರಣ್ಯದೊಳಗೆ ಕಾಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ರಾತ್ರಿ ಉಳಿಯುವುದಾದರೆ ಇಲಾಖೆಯ ಶಿಬಿರದಲ್ಲೇ ಉಳಿಯಬೇಕು. ಕೆರೆಯ ದಂಡೆಯಲ್ಲಿ ಮನಸ್ಸಿಗೆ ಬಂದ ಕಡೆ ಡೇರೆ ಹಾಕಿಕೊಳ್ಳುವ ಸ್ವಾತಂತ್ರ್ಯ ಇಲ್ಲಿಲ್ಲ ಎಂದು ಕೆಲವರು ಬೇಸರಪಡುತ್ತಾರೆ. ರಾತ್ರಿಯ ಹೊತ್ತು ಪ್ರಾಣಿಗಳು ನೀರಿಗಾಗಿ ಆ ದಂಡೆಗೆ ಬರುತ್ತವೆಂಬುದನ್ನು ನೆನೆದರೆ ಈ ನಿರ್ಬಂಧ ಸರಿಯಾದದ್ದೇ ಎಂದು ನನಗೆ ಅನ್ನಿಸುತ್ತದೆ.

ಚಿಂಚೋಳಿಯ ಪಕ್ಕದಲ್ಲೇ ಮುಲ್ಲಾಮಾರಿ ನದಿ ಹರಿಯುತ್ತದೆ. ಊರು ದಾಟಿ ಕುಂಚಾವರಂ ಕಡೆಯ ರಸ್ತೆ ಹಿಡಿದ ಸ್ವಲ್ಪ ಹೊತ್ತಿಗೆ ನೆಲದ ಬಣ್ಣ ಬದಲಾಗತೊಡಗುತ್ತದೆ. ಕಪ್ಪು ಎರೆ ಮುಗಿದು, ಮೊದಲು ಬೂದು ಬಣ್ಣದ ಗರಸು, ಆಮೇಲೆ ಗುಡ್ಡದ ನೆತ್ತಿಯ ಮೇಲೆ ತೂತು ತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು ಕಾಣಿಸುತ್ತದೆ. ಮಾಸ್ತರರು ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದು, ಒಂದು ಕಲ್ಲಿನ ಮೇಲೆ ಬಾಟಲಿಯಿಂದ ಸ್ವಲ್ಪ ನೀರು ಸುರಿದು ಹುಡುಗನಿಗೆ ತೋರಿಸಿದರು. ನೀರು ಒಂದು ಕ್ಷಣ ಹೊಳೆದು, ಕಲ್ಲಿನ ತೂತುಗಳಲ್ಲಿ ಇಂಗಿಹೋಯಿತು.

“ಮ್ಯಾಲಿನ ಕಲ್ಲು ನೀರು ಕುಡಿತದ, ಕೆಳಗಿನ ಕರಿಕಲ್ಲು ಕುಡಿಯಂಗಿಲ್ಲ. ಎರಡರ ಸಂದಿನಾಗ ನೀರು ಹಾದಿ ಹುಡಿಕ್ಕೊಂಡು ಹೊರಗ ಬರ್ತದ. ಬೀದರದ ಸುರಂಗ ಬಾವೀನೂ ಇದೇ ಲೆಕ್ಕ ನೋಡಪಾ,” ಎಂದರು.

ಬೀದರಿನ ನೌಬಾದಿನಲ್ಲಿ ಬಹಮನಿ ಅರಸರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಪರ್ಷಿಯಾದ ಪದ್ಧತಿಯಂತೆ ತೋಡಿದ ಕಾರೇಜ್ ಎಂಬ ಸುರಂಗ ಕಾಲುವೆಗಳು ಜಂಬಿಟ್ಟಿಗೆ ಹಾಗೂ ಅದರ ಕೆಳಗಿನ ಬಸಾಲ್ಟ್ ಶಿಲೆಯ ನಡುವೆ ಸಿಗುವ ಈ ನೀರನ್ನೇ ನಂಬಿ ನಿರ್ಮಾಣಗೊಂಡವು. ಚಿಂಚೋಳಿಯ ಗುಡ್ಡಗಳಲ್ಲಿ ಅಂಥ ಸುರಂಗವನ್ನು ಯಾರೂ ತೋಡಲಿಲ್ಲ. ಇಲ್ಲಿ ಆ ನೀರು ಬುಗ್ಗೆಯಾಗಿ, ಹಳ್ಳವಾಗಿ ತಾನೇ ಹೊರಬರುತ್ತದೆ. ಒಣ ಪ್ರದೇಶವೆನ್ನುವ ಈ ಸೀಮೆಯಲ್ಲಿ ಕಾಡು ದಟ್ಟವಾಗಿ ಉಳಿದಿರುವುದರಲ್ಲಿ ಅದರ ಪಾಲೂ ಇದೆ.

ಮಧ್ಯಾಹ್ನ ಮೂರರ ಸುಮಾರಿಗೆ ಜಲಾಶಯ ತಲುಪಿದೆವು. ಸರ್ನಾಲಾ ಹಳ್ಳಕ್ಕೆ ಅಡ್ಡಲಾಗಿ 1970ರ ದಶಕದಲ್ಲಿ ಕಟ್ಟಿದ ಈ ಒಡ್ಡಿನ ಉದ್ದೇಶ ನೀರಾವರಿ. ಇಲ್ಲಿಂದ ಹರಿಯುವ ನೀರು ಮುಲ್ಲಾಮಾರಿಯನ್ನೂ, ಅಲ್ಲಿಂದ ಕಾಗಿಣೆಯನ್ನೂ ಸೇರಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಪಕ್ಕದಲ್ಲಿ ಹಾದು, ಭೀಮೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ಒಡ್ಡಿನ ಮೇಲೆ ನಿಂತರೆ ಒಂದು ಬದಿಗೆ ಗದ್ದೆ, ಕಾಲುವೆ, ಊರು; ಇನ್ನೊಂದು ಬದಿಗೆ ಗುಡ್ಡದ ಪ್ರತಿಯೊಂದು ಸಂದಿಗೂ ಒಂದೊಂದು ಬೆರಳು ಚಾಚಿದ ನೀರು. ಒಡ್ಡಿನ ಕೆಳಗಿನ ಮರಗಳ ನೆರಳಲ್ಲಿ ಮಾತ್ರ ಥರ್ಮೊಕೋಲ್ ತಟ್ಟೆಗಳು ಮತ್ತು ಒಡೆದ ಬಾಟಲಿಗಳು ಬಿದ್ದಿದ್ದವು. ಭಾನುವಾರದ ಪಾರ್ಟಿಯವರು ಬಿಟ್ಟುಹೋದದ್ದನ್ನು ಸೋಮವಾರ ಶಿಬಿರದ ಕೆಲಸಗಾರರು ಆರಿಸಬೇಕಾಗುತ್ತದಂತೆ. ಮುತ್ತಲ ಎಲೆಯ ಪತ್ರಾವಳಿ ಕೈಗೆಟಕುವಷ್ಟು ಸಮೀಪದಲ್ಲೇ ಸಿಗುವ ಸೀಮೆಯಲ್ಲಿ ಥರ್ಮೊಕೋಲ್ ಹೊತ್ತುಕೊಂಡು ಬರುವವರ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ಶಿಬಿರದ ಡೇರೆಗಳು ಗಟ್ಟಿಮುಟ್ಟಾಗಿದ್ದವು. ಹಾಸಿಗೆ ಇದ್ದರೂ ನನ್ನ ಹೆಂಡತಿ ಮನೆಯಿಂದ ಎರಡು ಕೌದಿ ಕಟ್ಟಿಕೊಂಡು ಬಂದಿದ್ದಳು. ಡಿಸೆಂಬರಿನಲ್ಲಿ ಈ ಭಾಗದ ಹಗಲು ಬೆಚ್ಚಗಿದ್ದರೂ ರಾತ್ರಿ, ಅದರಲ್ಲೂ ನೀರಿನ ಬದಿಯಲ್ಲಿ, ಚಳಿ ಚುರುಕಾಗಿರುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯಷ್ಟು ಹಿತವಾದ ಹೊದಿಕೆ ಇಂಥ ಕಡೆ ಬೇರೊಂದಿಲ್ಲ. ಅಡುಗೆಯವರು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ತೊಗರಿಬೇಳೆಯ ಸಾರು ಬಡಿಸಿದರು. ನಮ್ಮ ಬುತ್ತಿಯ ಶೇಂಗಾ ಹಿಂಡಿಯನ್ನು ಅವರಿಗೂ ಕೊಟ್ಟೆವು.

ಊಟವಾದ ಮೇಲೆ ಬೆಂಕಿ ಹಾಕೋಣವೇ ಎಂದು ಹುಡುಗ ಕೇಳಿದ್ದಕ್ಕೆ ಅರಣ್ಯ ವೀಕ್ಷಕರು ಒಪ್ಪಲಿಲ್ಲ. ಮಳೆ ನಿಂತು ಎರಡು ತಿಂಗಳಾದ ಮೇಲೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಹಾರಿದರೆ ಗುಡ್ಡದ ಈ ಬದಿಯಿಂದ ಆ ಬದಿಗೆ ಓಡುತ್ತದೆ, ಬೇಸಿಗೆಗೆ ಮೊದಲು ನಾವೇ ಪಟ್ಟಿ ಪಟ್ಟಿಯಾಗಿ ಹುಲ್ಲು ಸವರಿ ಬೆಂಕಿ ರೇಖೆ ಮಾಡಿಕೊಳ್ಳಬೇಕು ಎಂದು ಅವರು ವಿವರಿಸಿದರು. ಬೆಂಕಿ ಇಲ್ಲದ್ದರಿಂದ ಆಕಾಶ ಚೆನ್ನಾಗಿ ಕಂಡಿತು. ಕೃಷ್ಣಪಕ್ಷದ ಚಂದ್ರ ನಡುರಾತ್ರಿಯವರೆಗೆ ಏಳುವಂತಿರಲಿಲ್ಲ. ಪೂರ್ವದ ಗುಡ್ಡದ ಮೇಲೆ ಕೃತ್ತಿಕೆ, ರೋಹಿಣಿ, ಅವುಗಳ ಹಿಂದೆಯೇ ಮೃಗಶಿರ, ಆರಿದ್ರಾ. ನಮ್ಮ ರೈತರಿಗೆ ಇವೆಲ್ಲ ಮಳೆಯ ಹೆಸರುಗಳು. ಜೂನ್ ತಿಂಗಳಲ್ಲಿ ಸೂರ್ಯ ಮೃಗಶಿರದಲ್ಲಿರುವಾಗ ಬೀಳುವುದು ಮಿರಗದ ಮಳೆ. ಆಗ ಸೂರ್ಯನ ಬೆಳಕಿನಲ್ಲಿ ಆ ನಕ್ಷತ್ರ ಕಾಣುವುದಿಲ್ಲ. ಆರು ತಿಂಗಳ ನಂತರ, ಸೂರ್ಯ ಎದುರು ದಿಕ್ಕಿಗೆ ಹೋದಾಗ, ಅದೇ ನಕ್ಷತ್ರ ರಾತ್ರಿಯಿಡೀ ಆಕಾಶದಲ್ಲಿರುತ್ತದೆ. ಮಾಸ್ತರರು ಇದನ್ನು ಹುಡುಗನಿಗೆ ಬಿಡಿಸಿ ಹೇಳುತ್ತಿದ್ದಾಗ ಮಿಥುನ ರಾಶಿಯ ಕಡೆಯಿಂದ ಒಂದು ಉಲ್ಕೆ ಜಾರಿತು. ಪ್ರತಿವರ್ಷ ಡಿಸೆಂಬರ್ ಮಧ್ಯದಲ್ಲಿ ಬರುವ ಈ ಉಲ್ಕಾಪಾತಕ್ಕೆ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಕಣಗಳು ಕಾರಣ. ಆ ಮೇಲೆ ಹುಡುಗನನ್ನು ಡೇರೆಯೊಳಗೆ ಕರೆದೊಯ್ಯುವುದು ಯಾರಿಂದಲೂ ಆಗಲಿಲ್ಲ; ಕೌದಿ ಹೊದ್ದುಕೊಂಡು ಅಂಗಳದಲ್ಲೇ ನಿದ್ದೆಹೋದ.

ಎರಡನೆಯ ದಿನ: ಹಿನ್ನೀರಿನ ದಾರಿ

ಬೆಳಗಿನ ಆರೂವರೆಗೆ, ಸೂರ್ಯ ಇನ್ನೂ ಗುಡ್ಡದ ಹಿಂದಿರುವಾಗ, ಸುಸಲಾ ತಿಂದು ಹೊರಟೆವು. ಡೇರೆಯ ಬಟ್ಟೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಮುಂದೆ ವೀಕ್ಷಕರು, ಅವರ ಹಿಂದೆ ಹುಡುಗ, ಕೊನೆಯಲ್ಲಿ ಕೋಲೂರಿಕೊಂಡು ಮಾಸ್ತರರು. ವೀಕ್ಷಕರು ಇದೇ ಕಾಡಂಚಿನ ತಾಂಡಾದವರು; ನಮ್ಮೊಂದಿಗೆ ಕನ್ನಡ, ಶಿಬಿರದ ಅಡುಗೆಯವರೊಂದಿಗೆ ತೆಲುಗು, ಮೊಬೈಲಿನಲ್ಲಿ ಮನೆಯವರೊಂದಿಗೆ ಲಂಬಾಣಿ ಮಾತಾಡುತ್ತಿದ್ದರು. ಕುಂಚಾವರಂ ಸುತ್ತಿನಲ್ಲಿ ಇದು ಸಾಮಾನ್ಯ.

ಕಾಡಿನ ಅಂಚಿನಲ್ಲಿ ನೆಟ್ಟು ಬೆಳೆಸಿದ ಸಾಗವಾನಿ ಮತ್ತು ಜಾಲಿ. ಅದನ್ನು ದಾಟಿದ ಮೇಲೆ ತಾನಾಗಿ ಬೆಳೆದ ಕಾಡು ಮೊದಲಾಗುತ್ತದೆ: ದಿಂಡಿಗ, ಮತ್ತಿ, ಮುತ್ತಲ, ತುಮರಿ, ನೆಲ್ಲಿ, ಕಕ್ಕೆ, ಅಲ್ಲಲ್ಲಿ ಶ್ರೀಗಂಧ. ರಕ್ತಚಂದನವೂ ಈ ಧಾಮದಲ್ಲಿದೆ. ಅದು ಎಲ್ಲಿದೆ ಎಂದು ವೀಕ್ಷಕರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹುಡುಗ ಮೋಟು ಸಾಗವಾನಿಯ ಬುಡದಲ್ಲಿ ಚಿಗುರಿದ್ದ ಎಳೆ ಎಲೆಯೊಂದರ ತುದಿಯನ್ನು ಗಿಡದಲ್ಲಿದ್ದಂತೆಯೇ ಬೆರಳಿನಿಂದ ಉಜ್ಜಿ ನೋಡಿದ. ಬೆರಳು ಕುಂಕುಮ ಮೆತ್ತಿದಂತೆ ಕೆಂಪಾಯಿತು. ಅದನ್ನು ಕಿತ್ತುಕೊಳ್ಳಲು ಮಾತ್ರ ವೀಕ್ಷಕರು ಬಿಡಲಿಲ್ಲ. ಅಭಯಾರಣ್ಯದಿಂದ ಎಲೆ, ಕಾಯಿ, ಕಲ್ಲು ಯಾವುದನ್ನೂ ಒಯ್ಯುವಂತಿಲ್ಲ.

ದಾರಿ ಹೆಚ್ಚುಕಡಿಮೆ ಸಮತಟ್ಟಾಗಿ, ಗುಡ್ಡದ ಓರೆಯಲ್ಲಿ, ನೀರಿನ ಅಂಚನ್ನು ಒಮ್ಮೆ ತೋರಿಸಿ ಒಮ್ಮೆ ಮರೆಮಾಡುತ್ತಾ ಸಾಗುತ್ತದೆ. ಎರಡು ಕಡೆ ಒಣ ಹಳ್ಳಕ್ಕೆ ಇಳಿದು ಏರಬೇಕಾಗುತ್ತದೆ, ಕಷ್ಟವೆಂದರೆ ಅಷ್ಟೇ. ಮಲೆನಾಡಿನ ಕಾಡಿನಲ್ಲಿ ಹತ್ತು ಮಾರು ಆಚೆ ಏನಿದೆಯೆಂದು ತಿಳಿಯುವುದಿಲ್ಲ. ಇಲ್ಲಿ ಡಿಸೆಂಬರಿಗೆ ಎಲೆ ಉದುರತೊಡಗಿ ಕಾಡು ತೆರೆದುಕೊಳ್ಳುತ್ತದೆ, ಬಿಸಿಲು ನೆಲದವರೆಗೆ ಇಳಿಯುತ್ತದೆ. ಹಾಗಾಗಿ ಎಲೆ ಉದುರುವ ಕಾಡು ಬೋಳು ಕಾಡು, ನೋಡುವಂಥದ್ದೇನಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಡೆದು ನೋಡಲು ಇದಕ್ಕಿಂತ ಅನುಕೂಲವಾದ ಕಾಡು ಯಾವುದಿದೆ? ತೊಂದರೆ ಒಂದೇ: ತಳದಲ್ಲಿ ಬಿದ್ದ ಸಾಗವಾನಿಯ ಎಲೆಗಳು ಹಪ್ಪಳದಷ್ಟು ಗರಿಗರಿ. ನಾಲ್ವರು ಅದರ ಮೇಲೆ ನಡೆದರೆ ಅರ್ಧ ಕಿಲೋಮೀಟರ್ ಆಚೆಯ ಪ್ರಾಣಿಗೂ ಸುದ್ದಿ ಮುಟ್ಟುತ್ತದೆ.

“ಮಾಮಾ, ಇಲ್ಲಿ ಹುಲಿ ಅದಾವೇನು?” ಎಂದು ಹುಡುಗ ವೀಕ್ಷಕರನ್ನು ಕೇಳಿದ.

“ಹುಲಿ ಇಲ್ಲಪಾ ತಮ್ಮಾ. ಕಿರುಬ ಅದಾವ, ತ್ವಾಳ ಅದಾವ, ನರಿ ಅದಾವ, ಕೊಂಡುಕುರಿ ಅದಾವ. ಹಗಲಿನಾಗ ಅವು ಕಾಣಂಗಿಲ್ಲ. ಅವು ಬರೆದಿಟ್ಟು ಹೋಗಿದ್ದು ಕಾಣ್ತದ, ತೋರಸ್ತೀನಿ ಬಾ.”

ಅವರು ತೋರಿಸಿದ್ದನ್ನು ನಾವೇ ನೋಡಿದ್ದರೆ ಸುಣ್ಣದ ಕಲ್ಲಿನ ಚೂರೆಂದು ದಾಟಿ ಹೋಗುತ್ತಿದ್ದೆವು. ದಾರಿಯ ಪಕ್ಕದ ಬಂಡೆಯ ಬುಡದಲ್ಲಿ ಬೆಳ್ಳಗಿನ, ಒಣಗಿ ಬಿರುಕು ಬಿಟ್ಟ ಉಂಡೆಗಳು. ಕೋಲಿನಿಂದ ಒತ್ತಿದಾಗ ಒಂದು ಉಂಡೆ ಸೀಮೆಸುಣ್ಣದ ಹಾಗೆ ಪುಡಿಯಾಯಿತು. ಪುಡಿಯ ನಡುವೆ ಒರಟು ಕೂದಲು ಮತ್ತು ನವಿರಾದ ಒಂದು ಎಲುಬಿನ ಚೂರು. ಕತ್ತೆಕಿರುಬ ಸತ್ತ ದನದ ಎಲುಬನ್ನೂ ಅಗಿದು ಅರಗಿಸಿಕೊಳ್ಳುತ್ತದೆ, ಆ ಸುಣ್ಣದ ಅಂಶವೆಲ್ಲ ಹಿಕ್ಕೆಯಲ್ಲಿ ಉಳಿದು ಒಣಗಿದಾಗ ಹೀಗೆ ಬಿಳುಪಾಗುತ್ತದೆ. ತಾಂಡಾಗಳ ಸತ್ತ ದನಕರುಗಳನ್ನು ವಿಲೇವಾರಿ ಮಾಡುವ ಈ ಪ್ರಾಣಿಗೆ ನಮ್ಮ ಕಡೆ ಒಳ್ಳೆಯ ಹೆಸರಿಲ್ಲದಿರುವುದು ಅನ್ಯಾಯ. ಇನ್ನೂ ಸ್ವಲ್ಪ ಮುಂದೆ ಹುಲ್ಲಿನ ನಡುವಿನ ಒಂದು ಬಯಲಿನಲ್ಲಿ ಹಳೆಯ ಮತ್ತು ಹೊಸ ಹಿಕ್ಕೆಗಳ ಸಣ್ಣ ರಾಶಿ ಇತ್ತು. ಕೊಂಡುಕುರಿ ದಿನವೂ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವ ಪ್ರಾಣಿ. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಜಿಂಕೆಯಂಥ ಜೀವಿ ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಸಿಗುವುದಿಲ್ಲ. ಮೇಲಿನ ಹಿಕ್ಕೆ ಇನ್ನೂ ಹಸಿಯಾಗಿತ್ತು. ಹುಡುಗ ಅಲ್ಲೇ ಕುಳಿತುಬಿಟ್ಟ, ಅದು ಮತ್ತೆ ಬರುವವರೆಗೆ ಏಳುವುದಿಲ್ಲವೆಂದು. ಅತ್ತೆ ರೊಟ್ಟಿಯ ಆಸೆ ತೋರಿಸಿ ಎಬ್ಬಿಸಬೇಕಾಯಿತು.

ಹಕ್ಕಿಗಳು ಮಾತ್ರ ನಮ್ಮ ಸದ್ದಿಗೆ ಅಷ್ಟೇನೂ ಅಂಜಲಿಲ್ಲ. ಕಾಜಾಣಗಳು ನಾವು ಎಬ್ಬಿಸಿದ ಹುಳುಗಳನ್ನು ಹಿಡಿಯಲು ಮರದಿಂದ ಮರಕ್ಕೆ ಹಿಂಬಾಲಿಸಿದವು. ಗೌಜಲ ಹಕ್ಕಿಯ ಜೋಡಿಯೊಂದು ದಾರಿಗಡ್ಡವಾಗಿ ಓಡಿತು. ಕಪ್ಪು ತಲೆಯ ಹೊನ್ನಕ್ಕಿಯನ್ನು ನನ್ನ ಹೆಂಡತಿ ಎಲ್ಲರಿಗಿಂತ ಮೊದಲು ಕಂಡಳು.

ಎರಡು ಗಂಟೆಗೂ ಹೆಚ್ಚು ನಿಧಾನವಾಗಿ ನಡೆದ ಮೇಲೆ ಹಿನ್ನೀರಿನ ಕೊನೆಯ ಬೆರಳು ಸಿಕ್ಕಿತು. ಒಡ್ಡಿನ ಮೇಲಿಂದ ಕಾಣದ ಜಾಗ ಅದು. ಗುಡ್ಡಗಳು ಹತ್ತಿರ ಬಂದು, ನೀರು ಕಿರಿದಾಗಿ, ಸರೋವರವೆಂದರೆ ನಂಬುವಂತೆ ಕಾಣುತ್ತದೆ. ಮಳೆಗಾಲದಲ್ಲಿ ಮುಳುಗಿದ್ದ ದಂಡೆ ಈಗ ಬಿರುಕಿನ ಕೆಸರಾಗಿ ಹೊರಗೆ ಬಿದ್ದಿತ್ತು. ಅದರ ಮೇಲೆ ಹಂದಿಯ ಗೊರಸು, ನವಿಲಿನ ಕಾಲು, ನಾಯಿಯದ್ದಕ್ಕಿಂತ ದೊಡ್ಡದಾದ ಒಂದು ಹೆಜ್ಜೆ. ತೋಳದ್ದಿರಬಹುದು ಎಂದು ವೀಕ್ಷಕರು ಹೇಳಿದರು, ಆಣೆ ಮಾಡಿ ಹೇಳಲಿಲ್ಲ. ಮುಳುಗಿ ಸತ್ತ ಮರದ ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿದ್ದವು. ಮಿಂಚುಳ್ಳಿಯೊಂದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಲ್ಲು ಬಿದ್ದಂತೆ ಬಿದ್ದು, ಬರಿಗೊಕ್ಕಿನಲ್ಲಿ ಮೇಲೆದ್ದಿತು.

ಅಲ್ಲಿಯೇ ಸ್ವಲ್ಪ ಮೇಲೆ, ಕೆಂಪು ಕಲ್ಲಿನ ಪದರ ಮುಗಿದು ಕರಿಕಲ್ಲು ಮೊದಲಾಗುವ ಗೆರೆಯಲ್ಲಿ, ಕಲ್ಲು ತೇವವಾಗಿತ್ತು. ಪಾಚಿಯ ಕೆಳಗಿನಿಂದ ಹನಿ ಹನಿಯಾಗಿ ನೀರು ಒಸರಿ, ಅಂಗೈಯಗಲದ ಗುಂಡಿಯಲ್ಲಿ ನಿಂತು, ಅಲ್ಲಿಂದ ಜರಿಗಿಡದ ಬುಡಕ್ಕೆ ಜಾರುತ್ತಿತ್ತು. ಮಾಸ್ತರರು ಹಿಂದಿನ ದಿನ ಬಾಟಲಿ ಹಿಡಿದು ಹೇಳಿದ ಮಾತು ಇಲ್ಲಿ ಕಣ್ಣೆದುರು ನಡೆಯುತ್ತಿತ್ತು. ಅವರು ಮೊಣಕಾಲಿನ ನೋವನ್ನು ಲೆಕ್ಕಿಸದೆ ಬಂಡೆಯ ಮೇಲೆ ಬಗ್ಗಿ, ಕೆಂಪು ಮತ್ತು ಕಪ್ಪಿನ ನಡುವೆ ಕೈಯಿಟ್ಟು ಬಹಳ ಹೊತ್ತು ನಿಂತರು. ನಾಲ್ಕು ತಿಂಗಳ ಹಿಂದಿನ ಮಳೆ ಇವತ್ತು ಹೊರಬರುತ್ತಿದೆ ಎಂದರು. ಭೂಗೋಳವನ್ನು ಹಲಗೆಯ ಮೇಲೆ ಕಲಿಸುತ್ತಾ ಆಯುಷ್ಯ ಕಳೆದವರಿಗೆ ಇದು ದೇವರ ದರ್ಶನಕ್ಕೆ ಕಡಿಮೆಯೇನಲ್ಲ.

ದಂಡೆಯಿಂದ ದೂರದಲ್ಲಿ ನೆರಳಿಗೆ ಕುಳಿತು ಖಡಕ್ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ ಮತ್ತು ಮೊಸರು ಊಟ ಮಾಡಿದೆವು. ಈಜಬೇಕೆಂಬ ಹುಡುಗನ ಆಸೆಗೆ ವೀಕ್ಷಕರು ತಡೆ ಹಾಕಿದರು: ಜಲಾಶಯದ ತಳದಲ್ಲಿ ಹೂಳು ಮತ್ತು ಮುಳುಗಿದ ಮರಗಳಿರುತ್ತವೆ, ದಂಡೆಯಲ್ಲಿ ಮೊಣಕಾಲುದ್ದ ಕಾಣುವ ನೀರು ಮುಂದಿನ ಹೆಜ್ಜೆಗೆ ಆಳವಾಗಬಹುದು.

ಮರಳುವಾಗ ತಾಂಡಾದ ಬದಿಯ ದಾರಿ ಹಿಡಿದೆವು. ಅರ್ಧದಷ್ಟು ಮನೆಗಳಿಗೆ ಬೀಗ. ಮುಂಗಾರಿನ ಕೆಲಸ ಮುಗಿದ ಮೇಲೆ ಜನ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ, ಮುದುಕರು ಮಕ್ಕಳೊಂದಿಗೆ ಊರಲ್ಲಿ ಉಳಿಯುತ್ತಾರೆ. ಅಂಗಳದಲ್ಲಿ ಕುಳಿತಿದ್ದ ಹಿರಿಯಳೊಬ್ಬಳು ನಮ್ಮನ್ನು ಕರೆದು ಕೂರಿಸಿ ನೀರು ಕೊಟ್ಟಳು. “ಕಾಡು ನೋಡಾಕ ಬಂದೀರೇನವ್ವಾ? ನಮಗ ಹಂದಿ ಕಾಟ ಬಿಟ್ಟು ಬ್ಯಾರೆ ಏನೂ ಕಾಣಂಗಿಲ್ಲ,” ಎಂದು ನನ್ನ ಹೆಂಡತಿಗೆ ಹೇಳಿ ನಕ್ಕಳು. ಜೋಳದ ಹೊಲದ ಒಂದು ಮೂಲೆಯನ್ನು ಹಂದಿಗಳು ಉತ್ತಂತೆ ಮಾಡಿದ್ದನ್ನು ನಾವೂ ಕಂಡೆವು. ಕಾಡಂಚಿನಲ್ಲಿ ಬಾಳುವವರ ಈ ನಷ್ಟವನ್ನು ಮರೆತು ಕಾಡನ್ನು ಹೊಗಳುವುದು ಪೇಟೆಯವರಿಗೆ ಸುಲಭ.

ಮೂರನೆಯ ದಿನ: ಗೊಟ್ಟಂಗೊಟ್ಟ, ಎತ್ತಿಪೋತ

ಕೊನೆಯ ದಿನ ಹೆಚ್ಚಿನ ನಡಿಗೆ ಇರಲಿಲ್ಲ. ಬೆಳಿಗ್ಗೆ ಗೊಟ್ಟಂಗೊಟ್ಟದ ಬಕ್ಕಪ್ರಭು ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ಕಾಡಿನ ನಡುವಿನ ಈ ಸ್ಥಳಕ್ಕೆ ಗಡಿಯ ಎರಡೂ ಕಡೆಯ ಭಕ್ತರು ಬರುತ್ತಾರೆ.

ಅಲ್ಲಿಂದ ಕುಂಚಾವರಂ ಕಡೆಯ ಎತ್ತಿಪೋತ ಜಲಪಾತಕ್ಕೆ ಹೋದೆವು. ಮಳೆಗಾಲದಲ್ಲಿ ಇಲ್ಲಿ ವಾಹನ ನಿಲ್ಲಿಸಲು ಜಾಗವಿರುವುದಿಲ್ಲ. ಡಿಸೆಂಬರಿನಲ್ಲಿ ನಮ್ಮನ್ನು ಬಿಟ್ಟು ಯಾರೂ ಇರಲಿಲ್ಲ, ನೀರೂ ಸಣಕಲಾಗಿತ್ತು. ಆದರೆ ನೀರು ಇಳಿದಿದ್ದರಿಂದಲೇ ಕಪ್ಪು ಬಂಡೆಯ ಮೆಟ್ಟಿಲುಗಳು, ಒಂದರ ಮೇಲೊಂದು ಹರಿದು ಆರಿದ ಲಾವಾದ ಹಾಸುಗಳು, ಸ್ಪಷ್ಟವಾಗಿ ಕಂಡವು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಇದು. ನಮ್ಮ ಎರೆ ಮಣ್ಣು ಹುಟ್ಟಿದ್ದೂ ಇದೇ ಕಲ್ಲು ಸವೆದು. ಜಾರುವ ಬಂಡೆಯ ಮೇಲೆ ನಿಂತು ಮೊಬೈಲಿನಲ್ಲಿ ಪಟ ತೆಗೆಯುವ ಗದ್ದಲವಿಲ್ಲದೆ ಇದನ್ನು ನೋಡಬೇಕಾದರೆ ಚಳಿಗಾಲವೇ ಸರಿ ಎಂದು ನಾನೂ, ನೀರಿಲ್ಲದ ಜಲಪಾತ ನೋಡಿ ಏನು ಮಾಡುವುದು ಎಂದು ನನ್ನ ಹೆಂಡತಿಯೂ ವಾದಿಸುತ್ತಾ ಗಾಡಿ ಹತ್ತಿದೆವು.

ಚಿಂಚೋಳಿಯ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿ ಮತ್ತು ಚಹಾ ಮುಗಿಸುವ ಹೊತ್ತಿಗೂ ಆ ವಾದ ಮುಗಿದಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಎಳ್ಳಮಾವಾಸ್ಯೆಯ ಭಜ್ಜಿ ಪಲ್ಯಕ್ಕೆಂದು ಹಸಿ ಕಡಲೆ, ಅವರೆ, ಬದನೆಕಾಯಿ, ಸೊಪ್ಪುಗಳ ರಾಶಿ ಬಂದಿತ್ತು. ಹೆಂಡತಿ ಎರಡು ಚೀಲ ತುಂಬಿಸಿಕೊಂಡಳು, ಮಾಸ್ತರರು ತಮ್ಮ ಮನೆಗೂ ಒಂದು ಕಟ್ಟು ಸೊಪ್ಪು ತೆಗೆದುಕೊಂಡರು. ಮತ್ತೆ ಬರುವುದಾದರೆ ಜುಲೈ ಕೊನೆಯಲ್ಲಿ ಒಮ್ಮೆ, ಮುತ್ತಲ ಹೂ ಬಿಡುವ ಫೆಬ್ರುವರಿ ಕೊನೆಯಲ್ಲಿ ಒಮ್ಮೆ ಎಂದು ತೀರ್ಮಾನವಾಯಿತು. ಫೆಬ್ರುವರಿಯಲ್ಲಿ ಶಾಲೆಯ ಪರೀಕ್ಷೆ ಹತ್ತಿರವಿರುತ್ತದೆಂದು ಹುಡುಗನ ತಾಯಿ ಒಪ್ಪುವುದು ಅನುಮಾನ. ಆ ಮಾತನ್ನು ಅವಳ ಹತ್ತಿರ ತೆಗೆಯುವ ಹೊಣೆಯನ್ನು ಮಾಸ್ತರರ ತಲೆಗೆ ಕಟ್ಟಿದ್ದೇವೆ.